ಹೋಗಿ ಬಂದವರ ಮಾತು ಊರಲ್ಲಿ ಯಾರು ಕೇಳ್ತಾರೆ?

ನಮ್ಮ ಆಫೀಸಿನ ಬೀರುವಿನ ಕೆಳಗಿನ ಹಲಗೆಯಲ್ಲಿ ಹನ್ನೊಂದು ಸ್ಪೈರಲ್ ಬೈಂಡಿಂಗ್ ವರದಿಗಳಿವೆ. ಬೇರೆ ಊರಿನ ಒಳ್ಳೆ ಕೆಲಸ ನೋಡಿ ಬನ್ನಿ ಅಂತ ಮೊದಲ ಎರಡು ವರ್ಷ ನಾವು ಪ್ರವಾಸ ಫೆಲೋಶಿಪ್, ಅಂದರೆ ಹೋಗಿ ಬರುವ ಖರ್ಚು, ಕೊಟ್ಟು ಕಳಿಸಿದವರು ಬರೆದದ್ದು. ಫೋಟೋ ಸಮೇತ, ಚೆನ್ನಾಗಿಯೇ ಇವೆ. ಅವುಗಳಿಂದ ಯಾವ ಊರಲ್ಲೂ ಏನೂ ಆಗಲಿಲ್ಲ.

ಧಾರವಾಡದ ಸಣ್ಣ ಟ್ರಸ್ಟ್ ನಮ್ಮದು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಚರ್ಚಿಲ್ ತೀರಿಕೊಂಡ 1965ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅವರ ಹೆಸರಿನ ಟ್ರಸ್ಟ್‌ಗಳು ಹುಟ್ಟಿದವು. ಡಿಗ್ರಿ ಬೇಕಿಲ್ಲ, ಹೊರದೇಶಕ್ಕೆ ಹೋಗಿ ನೋಡಿ, ಕಲಿತದ್ದನ್ನು ನಿಮ್ಮವರಿಗೆ ತಂದುಕೊಡಿ ಅನ್ನುವ ಲೆಕ್ಕ ಅವರದು. ನಾವು ಅದನ್ನು ನಮ್ಮ ಜೇಬಿಗೆ ತಕ್ಕಂತೆ ಮಾಡಿಕೊಂಡೆವು. ವಿಮಾನ ಇಲ್ಲ, ರೈಲು. ವಾರಗಟ್ಟಲೆ ಇಲ್ಲ, ಹತ್ತು ದಿನ.

ನನ್ನ ಕಣ್ಣು ತೆರೆಸಿದವನು ಹಾವೇರಿ ಜಿಲ್ಲೆಯ ಒಬ್ಬ ಹುಡುಗ. ಮಹಾರಾಷ್ಟ್ರದ ಹಿವರೇ ಬಜಾರ್‌ಗೆ ಹೋಗಿದ್ದ. ಬರದ ಊರು ಅದು. 1989ರಲ್ಲಿ ಪೋಪಟರಾವ್ ಪವಾರ್ ಸರಪಂಚ, ಅಂದರೆ ಪಂಚಾಯ್ತಿ ಅಧ್ಯಕ್ಷ, ಆದ ಮೇಲೆ ಜನ ಶ್ರಮದಾನದಿಂದ ಮಳೆನೀರು ಇಂಗಲಿ ಅಂತ ಗುಡ್ಡಕ್ಕೆ ಟ್ರೆಂಚ್ ಹೊಡೆದರು, ಹೊಲಕ್ಕೆ ಬೋರ್‌ವೆಲ್ ಬೇಡ ಅಂದರು, ನೀರು ಜಾಸ್ತಿ ಕುಡಿಯುವ ಕಬ್ಬು ಬಾಳೆ ಬೆಳೆಯುವುದನ್ನು ಬಿಟ್ಟರು. ಪ್ರತಿವರ್ಷ ಮಳೆ ಅಳೆದು, ಕುಡಿಯೋಕೆ ಎಷ್ಟು, ಬೆಳೆಗೆ ಎಷ್ಟು ಅಂತ ಗ್ರಾಮಸಭೆಯಲ್ಲೇ ಲೆಕ್ಕ ಹಾಕ್ತಾರೆ.

ಹುಡುಗ ಖುಷಿಯಿಂದ ಬಂದು ತನ್ನೂರ ಗ್ರಾಮಸಭೆಯಲ್ಲಿ, ‘ನಾವೂ ಬೋರ್ ನಿಲ್ಲಿಸೋಣ’ ಅಂದ. ಅಡಿಕೆ ಹಾಕಿದ್ದ ಒಬ್ಬ ಹಿರಿಯರು ಎದ್ದು ನಿಂತರು. ‘ತಮ್ಮಾ, ಹತ್ತು ದಿನ ಅಲ್ಲಿ ಉಂಡು ಬಂದಿ ಅಂದ್ರ ಶಾಣ್ಯಾ ಆದಿ ಏನು?’ ಸಭೆ ನಕ್ಕಿತು. ಹಿಂದೆ ಕೂತಿದ್ದ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು. ತಪ್ಪು ಹುಡುಗನದ್ದಲ್ಲ, ನಮ್ಮದು. ಟಿಕೆಟ್ ತೆಗೆಸಿಕೊಟ್ಟು ಕೈ ತೊಳೆದುಕೊಂಡಿದ್ದೆವು.

ಆಮೇಲೆ ಅದೇ ಹಿರಿಯರ ಮನೆಗೆ ಹೋದೆ. ಮೂರು ಸಲ ಚಹಾ ಕುಡಿದ ಮೇಲೆ, ‘ನೀವೇ ಒಮ್ಮೆ ನೋಡಿ ಬರ್ರಿ, ಖರ್ಚು ನಮ್ಮದು’ ಅಂದೆ. ಹುಡುಗನ ಜೊತೆ ಹೋದರು. ಪುಣೆವರೆಗೆ ರೈಲು, ಮುಂದೆ ಬಸ್ಸು. ದಾರಿಯುದ್ದಕ್ಕೂ ಜಗಳ ಆಡಿದರಂತೆ. ಬೋರ್ ವಿಷಯ ಅವರು ಇವತ್ತಿಗೂ ಒಪ್ಪಿಲ್ಲ. ಆದರೆ ಮಳೆ ಅಳೆಯುವುದು ಮನಸ್ಸಿಗೆ ಹಿಡಿಸಿತು.

ಬಂದ ವಾರವೇ ಶಾಲೆ ಅಂಗಳದಲ್ಲಿ ಮಳೆಮಾಪಕ ಇಟ್ಟರು. ಎರಡು ಲೀಟರಿನ ನೀರಿನ ಬಾಟ್ಲಿ. ಕತ್ತು ಕೊಯ್ದು ತಲೆಕೆಳಗಾಗಿ ಆಲಿಕೆಯ ಹಾಗೆ ಕೂಡಿಸಿದರು. ಬಾಟ್ಲಿಯ ತಳ ಡೊಂಕು ಇರ್ತದಲ್ವಾ, ಹಾಗಾಗಿ ಸ್ವಲ್ಪ ಸಿಮೆಂಟ್ ಸುರಿದು ಸಮ ಮಾಡಿ, ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಿದರು. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಎಕರೆಗೆ ಸುಮಾರು 4,000 ಲೀಟರ್. ಈ ಲೆಕ್ಕ ಕೇಳಿ ಹಿರಿಯರು ಬೆರಳು ಮಡಚಿ ಮಡಚಿ ತಮ್ಮ ಆರು ಎಕರೆಗೆ ಗುಣಿಸುತ್ತಾ ಕೂತದ್ದು ನನಗಿನ್ನೂ ನೆನಪಿದೆ. ಈಗ ಹಾಲಿನ ಡೇರಿ ಗೋಡೆಯ ಬೋರ್ಡಿನಲ್ಲಿ ದಿನದ ಮಳೆ ಬರೆಯುವವರು ಅವರೇ. ಬರೆಯುವುದು ತಪ್ಪಿದರೆ ಹಾಲು ಹಾಕಲು ಬಂದವರು ಕೇಳ್ತಾರೆ.

ಹೋದ ವರ್ಷವೂ ಊರಲ್ಲಿ ಎರಡು ಹೊಸ ಬೋರ್ ಬಿದ್ದವು. ಸುಳ್ಳು ಹೇಳಲ್ಲ.

ಈಗ ನಾವು ಒಬ್ಬರನ್ನೇ ಕಳಿಸುವುದಿಲ್ಲ. ಜೊತೆಗೆ ಊರಿನ ಇನ್ನೊಬ್ಬರು ಇರಲೇಬೇಕು, ವಿರೋಧ ಮಾಡುವವರಾದರೆ ಇನ್ನೂ ಒಳ್ಳೆಯದು. ಅರ್ಧ ದುಡ್ಡನ್ನು ಬಂದ ಮೇಲಿನ ಕೆಲಸಕ್ಕೆ ಹಿಡಿದಿಡ್ತೇವೆ. ವರದಿ ಕೇಳುವುದನ್ನು ಬಿಟ್ಟೆವು. ತಿಂಗಳಿಗೊಮ್ಮೆ ಒಂದು ವರ್ಷ ನಾನೇ ಅವರೂರಿಗೆ ಹೋಗ್ತೇನೆ. ಬಸ್ ಖರ್ಚು ಜಾಸ್ತಿ ಆಯ್ತು ಅಂತ ಟ್ರಸ್ಟಿಗಳು ಗೊಣಗ್ತಾರೆ, ಗೊಣಗಲಿ.

ಮೊನ್ನೆ ಒಬ್ಬ ಆಶಾ ಕಾರ್ಯಕರ್ತೆ ಸಂದರ್ಶನಕ್ಕೆ ಬಂದಿದ್ದರು. ಕೇರಳದ ಕಲ್ಲಿಕೋಟೆಗೆ ಹೋಗಬೇಕಂತೆ. ಅಲ್ಲಿ ಹಾಸಿಗೆ ಹಿಡಿದ ರೋಗಿಗಳ ಮನೆಗೆ ನರ್ಸ್ ಜೊತೆ ಅಕ್ಕಪಕ್ಕದವರೂ ತರಬೇತಿ ಪಡೆದು ಹೋಗ್ತಾರೆ, ಅದನ್ನು ನೋಡಲು. ‘ಜೊತೆಗೆ ಯಾರನ್ನ ಕರ್ಕೊಂಡು ಹೋಗ್ತೀರಿ ಅಕ್ಕಾ?’ ಅಂದೆ. ಡಾಕ್ಟರ್ ಹೆಸರು ಹೇಳ್ತಾರೆ ಅಂದುಕೊಂಡಿದ್ದೆ.

‘ನಮ್ಮೂರ ಆಟೋದವನನ್ನ’ ಅಂದರು. ‘ಅಂವಾ ಬರದಿದ್ರ ನಾ ಯಾರ ಮನಿಗೂ ಮುಟ್ಟಂಗಿಲ್ರಿ ಸರ.’