ಚಿಪ್‌ನ ಪೀಳಿಗೆಯನ್ನು ಚಿಪ್‌ನಿಂದಲೇ ತಿಳಿಯುವ ಬಗೆ

ಕೊಡಗಿನಲ್ಲಿ ಹೂಮಳೆ ಬರುವುದು ಗುಡುಗು ಸಿಡಿಲಿನ ಜೊತೆಗೆ. ಕಾಫಿ ಗಿಡಕ್ಕೆ ಬೇಕೇ ಬೇಕಾದ ಈ ಮಳೆಯ ದಿನಗಳಲ್ಲೇ ತೋಟದ ಕಚೇರಿಗಳಿಂದ ನೆಟ್‌ವರ್ಕ್ ಪೋರ್ಟ್ ಸುಟ್ಟ ದೂರು ಬರುತ್ತದೆ. ಸಿದ್ದಾಪುರದ ಸಮೀಪದ ತೋಟವೊಂದರಲ್ಲಿ ಹೀಗಾದಾಗ ನಾನು ಬೇರೊಂದು ಕಾರ್ಡ್ ಹಾಕಿದೆ. ಹಳೆಯ ಪೋರ್ಟಿನ ಡಿವೈಸ್ ಐಡಿಯೂ (ತಯಾರಕರು ಚಿಪ್‌ಗೆ ಕೊಟ್ಟ ಗುರುತಿನ ಸಂಖ್ಯೆ) ಹೊಸ ಕಾರ್ಡಿನದೂ 8168 ಎಂದೇ ಇದ್ದುದರಿಂದ, ಸಂಪರ್ಕ ಪದೇ ಪದೇ ಕಡಿದಾಗ ಕೇಬಲ್ಲನ್ನೇ ಎರಡು ಸಲ ಬದಲಿಸಿ ನೋಡಿದೆ. ಎರಡೂ ಬೇರೆ ಬೇರೆ ಪೀಳಿಗೆಯ ಚಿಪ್‌ಗಳೆಂಬುದನ್ನು ಮೊದಲೇ ನೋಡಬೇಕಿತ್ತು.

ಲಿನಕ್ಸ್‌ನಲ್ಲಿ ಮೊದಲು, ಕಂಪ್ಯೂಟರಿನ ಪಿಸಿಐ ಸಾಧನಗಳನ್ನು ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆದೇಶವನ್ನು ಎನ್‌ಎನ್ ಮತ್ತು ಕೆ ಆಯ್ಕೆಗಳೊಂದಿಗೆ (lspci -nnk) ಓಡಿಸಿರಿ. ತಯಾರಕರ ಸಂಖ್ಯೆ, ಡಿವೈಸ್ ಐಡಿ, ರಿವಿಷನ್ ಮತ್ತು ಬಳಕೆಯಲ್ಲಿರುವ ಡ್ರೈವರಿನ (ಚಿಪ್ ನಡೆಸುವ ತಂತ್ರಾಂಶ) ಹೆಸರು ಅಲ್ಲಿ ಸಿಗುತ್ತವೆ. ಯುಎಸ್‌ಬಿ ಕಂಟ್ರೋಲರ್ ಆಗಿದ್ದರೆ ಬಗೆ ತಿಳಿಯಲು ವಿ ಆಯ್ಕೆಯನ್ನೂ ಸೇರಿಸಿದರೆ ಸಾಕು: ಸಾಧನದ ವರ್ಗ ಹೇಳುವ ಕ್ಲಾಸ್ ಕೋಡಿನ ಕೊನೆಯ ಬೈಟ್ ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) 20 ಇದ್ದರೆ ಯುಎಸ್‌ಬಿ 2ರ ಇಎಚ್‌ಸಿಐ, 30 ಇದ್ದರೆ ಯುಎಸ್‌ಬಿ 3ರ ಎಕ್ಸ್‌ಎಚ್‌ಸಿಐ. ಆದರೆ ನೆಟ್‌ವರ್ಕ್ ಚಿಪ್ ತಯಾರಿಸುವ ರಿಯಲ್‌ಟೆಕ್ ಕಂಪನಿಯ 8168 ಎಂಬ ಒಂದೇ ಐಡಿಯ ಹಿಂದೆ ಹಲವು ಪೀಳಿಗೆಗಳಿವೆ.

ಆದ್ದರಿಂದ ಎರಡನೆಯದಾಗಿ ಕರ್ನಲ್ ಲಾಗ್‌ನಲ್ಲಿ (ಲಿನಕ್ಸ್‌ನ ತಿರುಳು ಬರೆದಿಡುವ ದಾಖಲೆ) ಆರ್8169 ಎಂಬ ಡ್ರೈವರಿನ ಸಾಲನ್ನು ಹುಡುಕಿರಿ. ಈಚಿನ ಕರ್ನಲ್‌ಗಳು ಅಲ್ಲಿ ಎಕ್ಸ್‌ಐಡಿ ಎಂಬ ಮೂರಂಕಿಯ ಹೆಕ್ಸ್ ಸಂಖ್ಯೆಯನ್ನು ಮುದ್ರಿಸುತ್ತವೆ. 4ಸಿ0 ಇದ್ದರೆ 8168ಜಿ, 541 ಇದ್ದರೆ 8168ಎಚ್. ಡ್ರೈವರ್ ಚಿಪ್‌ನ ಹೆಕ್ಸ್ 40 ವಿಳಾಸದಲ್ಲಿರುವ ಟ್ರಾನ್ಸ್‌ಮಿಟ್ ಕಾನ್ಫಿಗ್ ರಿಜಿಸ್ಟರನ್ನು (ಚಿಪ್‌ನೊಳಗಿನ ಪುಟ್ಟ ಸಂಗ್ರಹ ಸ್ಥಾನ) ಓದಿ, ಅದನ್ನು 20 ಬಿಟ್ ಬಲಕ್ಕೆ ಸರಿಸಿ, ಎಫ್‌ಸಿಎಫ್ ಎಂಬ ಹೆಕ್ಸ್ ಮಾಸ್ಕಿನಿಂದ (ಬೇಕಾದ ಬಿಟ್‌ಗಳನ್ನಷ್ಟೇ ಉಳಿಸುವ ಜರಡಿ) ಸೋಸಿ ಈ ಸಂಖ್ಯೆಯನ್ನು ಪಡೆಯುತ್ತದೆ. ಅಂದರೆ ಇದು ಚಿಪ್ ತಾನೇ ಹೇಳಿದ ಉತ್ತರ, ಪೆಟ್ಟಿಗೆಯ ಮೇಲಿನ ಚೀಟಿಗಿಂತ ನಂಬಲು ಯೋಗ್ಯವಾದುದು.

ಆ ತೋಟದ ಲಾಗ್‌ನಲ್ಲಿ ಎಕ್ಸ್‌ಐಡಿ 541 ಎಂದಿತ್ತು. ಅದರ ಜೊತೆಗೆ 8168ಎಚ್-2 ಫರ್ಮ್‌ವೇರ್ (ಚಿಪ್‌ನೊಳಗೆ ತುಂಬುವ ತಂತ್ರಾಂಶ) ಕಡತವನ್ನು ತುಂಬಲಾಗಲಿಲ್ಲ, ದೋಷ ಸಂಖ್ಯೆ ಮೈನಸ್ 2, ಅಂದರೆ ಕಡತವೇ ಇಲ್ಲ, ಎಂಬ ಸಾಲೂ ಇತ್ತು. ಜಾಗ ಉಳಿಸಲೆಂದು ಹಳೆಯ ಜಿ ಪೀಳಿಗೆಯ ಫರ್ಮ್‌ವೇರನ್ನು ಮಾತ್ರ ಅಲ್ಲಿ ಉಳಿಸಿಕೊಳ್ಳಲಾಗಿತ್ತು. ಸರಿಯಾದ ಕಡತ ಹಾಕಿದ ಮೇಲೆ ಸಂಪರ್ಕ ಕಡಿಯಲಿಲ್ಲ.

ನೀವೇ ಡ್ರೈವರ್ ಬರೆಯುವವರಾದರೆ ಹೆಚ್ಚಿನ ಎಚ್ಚರ ಬೇಕಾದುದು ಪೀಳಿಗೆಗಳ ಪಟ್ಟಿಯಲ್ಲಿ. ಪ್ರತಿ ಸಾಲಿನಲ್ಲೂ ಒಂದು ಮಾಸ್ಕ್, ಹೋಲಿಸಬೇಕಾದ ಒಂದು ಸಂಖ್ಯೆ, ಒಂದು ಪೀಳಿಗೆಯ ಹೆಸರು ಇರಲಿ. ಹೆಚ್ಚು ಬಿಟ್‌ಗಳನ್ನು ಹೋಲಿಸುವ ಸಾಲು ಮೇಲಿರಬೇಕು, ಸಡಿಲವಾದುದು ಕೆಳಗಿರಬೇಕು. ಮೊದಲು ಹೊಂದಿದ ಸಾಲೇ ಗೆಲ್ಲುವುದರಿಂದ ಕ್ರಮ ತಲೆಕೆಳಗಾದರೆ ಹೊಸ ಚಿಪ್ ಹಳೆಯ ಪೀಳಿಗೆಗೆ ಸೇರಿಬಿಡುತ್ತದೆ, ತಪ್ಪು ಫರ್ಮ್‌ವೇರನ್ನು ಕೇಳುತ್ತದೆ. ರಿಜಿಸ್ಟರ್ ಓದಿದಾಗ ಎಲ್ಲ ಬಿಟ್‌ಗಳೂ 1 ಆಗಿ ಬಂದರೆ ಅದನ್ನು ಹೊಸ ಪೀಳಿಗೆಯೆಂದು ಬಗೆಯಬಾರದು. ಕಾರ್ಡ್ ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲ, ನಿದ್ರಾಸ್ಥಿತಿಯಲ್ಲಿದೆ ಅಥವಾ ಸತ್ತಿದೆ ಎಂದೇ ತಿಳಿದು ದೋಷ ಹಿಂತಿರುಗಿಸಬೇಕು. ಸಿಡಿಲು ಬಡಿದ ಬೋರ್ಡುಗಳಲ್ಲಿ ಇದನ್ನು ನಾನು ಕಂಡಿದ್ದೇನೆ. ಪಟ್ಟಿಯಲ್ಲಿ ಎಲ್ಲೂ ಹೊಂದದ ಸಂಖ್ಯೆ ಬಂದಾಗ ಹತ್ತಿರದ ಪೀಳಿಗೆಯನ್ನು ಊಹಿಸಿ ಮುಂದುವರಿಯದೆ, ಓದಿದ ಸಂಖ್ಯೆಯನ್ನು ಲಾಗ್‌ನಲ್ಲಿ ಮುದ್ರಿಸಿ ಅಲ್ಲಿಗೇ ನಿಲ್ಲಿಸಿರಿ. ಮುಂದೆ ಪಟ್ಟಿಗೆ ಹೊಸ ಸಾಲು ಸೇರಿಸುವವರಿಗೆ ಬೇಕಾಗುವುದು ಆ ಸಂಖ್ಯೆಯೇ.