ಬಾಣಂತನದಲ್ಲಿ ಎಚ್‌ಐವಿ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಹೆರಿಗೆಗೆ ಮುಂಚೆ ಒಂದು ದಿನವೂ ಮಾತ್ರೆ ಬಿಡದವರು ಬಾಣಂತನದಲ್ಲಿ ಬಿಟ್ಟುಬಿಡಬಹುದು. ನಿದ್ದೆಗೆಟ್ಟ ರಾತ್ರಿ, ತವರಿಗೆ ಹೋಗುವುದು, ಮನೆಯವರಿಂದ ಡಬ್ಬಿ ಬಚ್ಚಿಡುವುದು ಇದಕ್ಕೆ ಕಾರಣ.

ಆರೋಗ್ಯ ಕಾರ್ಯಕರ್ತರೇ, ಪ್ರತಿ ಭೇಟಿಯಲ್ಲೂ ಉಳಿದ ಮಾತ್ರೆ ಎಣಿಸಿ. ದಿನಕ್ಕೊಂದರಂತೆ 30 ಮಾತ್ರೆ ಕೊಟ್ಟು 28 ದಿನವಾಗಿದ್ದರೆ 2 ಉಳಿಯಬೇಕು. 5 ಉಳಿದಿದ್ದರೆ ನುಂಗಿದ್ದು 25, ಅಂದರೆ ಸುಮಾರು ಶೇ. 89. ಶೇ. 95ಕ್ಕಿಂತ ಕಡಿಮೆಯಾದರೆ ಕಾರಣ ಹುಡುಕಿ. ಬೈಗುಳಕ್ಕೆ ಹೆದರಿದವರು ಉಳಿದದ್ದನ್ನು ಎಸೆದು ಬರುತ್ತಾರೆ, ಹಾಗಾಗಿ ಎಣಿಕೆಯೊಂದನ್ನೇ ನಂಬಬೇಡಿ. ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪರೀಕ್ಷೆ ತಪ್ಪಿಸಬೇಡಿ. ಎದೆಹಾಲು ಕುಡಿಯುವ ಮಗುವಿಗೆ ಅದೇ ರಕ್ಷಣೆಯ ಅಳತೆ.

"ಸರಿಯಾಗಿ ತಗೋತಿದ್ದೀರಾ?" ಎಂದರೆ "ಹೂಂ" ಎನ್ನುತ್ತಾರೆ. "ಕಳೆದ ನಾಲ್ಕು ದಿನದಲ್ಲಿ ಎಷ್ಟು ತಪ್ಪಿತಮ್ಮಾ?" ಎಂದು ಕೇಳಿ. ಮನೆಯವರ ಮುಂದೆ ಮಾತ್ರ ಕೇಳಲೇಬೇಡಿ.

ಬಹಳ ಜನ ಗಮನಿಸದ ವಿಷಯ: ಬಾಣಂತಿಯರ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳು ಖಾಲಿ ಹೊಟ್ಟೆಯಲ್ಲಿ ಎಚ್‌ಐವಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧದ ಜೊತೆ ಸೇರಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಚ್‌ಐವಿ ಮಾತ್ರೆಯನ್ನು ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ನುಂಗಲಿ; ಆಗದಿದ್ದರೆ ಎಲ್ಲವನ್ನೂ ಊಟದ ಜೊತೆ.

ಮರೆತ ಮಾತ್ರೆಯನ್ನು ನೆನಪಾದ ಕೂಡಲೇ ನುಂಗಲಿ, ಒಟ್ಟಿಗೆ ಎರಡು ಬೇಡ. ತವರಿಗೆ ಹೊರಡುವ ಮುಂಚೆಯೇ ಅಲ್ಲಿಗೆ ಹತ್ತಿರದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಮಾತ್ರೆ ಸಿಗುವಂತೆ ಏರ್ಪಾಡು ಮಾಡಿ. ಮಗುವಿಗೆ ಎಚ್‌ಐವಿ ತಗಲದಂತೆ ಕೊಡುವ ನೆವಿರಪಿನ್ ಸಿರಪ್ ಬಾಟಲಿಯನ್ನೂ ಅದೇ ಭೇಟಿಯಲ್ಲಿ ನೋಡಿ.