ಫಾರಂನಲ್ಲಿ ಜಾಗ ಎಷ್ಟು ಬಿಡಬೇಕು? ಒಂದು ಸಾಲದ ಅರ್ಜಿ ಮಾಡಿದ ನನ್ನ ಅನುಭವ

ನಮ್ಮ ಡಿಟಿಪಿ ಅಂಗಡಿಗೆ ಒಂದು ಸಹಕಾರ ಸಂಘದ ಸಾಲದ ಅರ್ಜಿ ಹೊಸದಾಗಿ ಮಾಡಿಕೊಡುವ ಕೆಲಸ ಬಂತು. ಕೆಲವರು ಅದನ್ನು ಪೆನ್ನಿನಲ್ಲಿ ತುಂಬುತ್ತಾರೆ. ಸಂಘದ ಗುಮಾಸ್ತರು ಕಂಪ್ಯೂಟರಿನಲ್ಲಿ ತುಂಬಿ ಪ್ರಿಂಟ್ ತೆಗೆಯುತ್ತಾರೆ. ಸದಸ್ಯರ ಮಕ್ಕಳು ಫೋನಿನಲ್ಲೇ ತುಂಬೋಕೆ ಆಗತ್ತಾ ಅಂತ ಕೇಳುತ್ತಾರೆ. ಇಷ್ಟಕ್ಕೂ ಒಂದೇ ಅರ್ಜಿ ಆಗಿಬರಬೇಕು. ಸಂಘದವರು ಲೋಗೋ ಎಲ್ಲಿ ಬರಬೇಕು, ಬಾರ್ಡರ್ ಯಾವ ಬಣ್ಣ ಅಂತ ಮಾತಾಡುತ್ತಿದ್ದರು. ನನ್ನ ತಲೆನೋವು ಬೇರೆ. ಹೆಸರಿಗೆ ಎಷ್ಟು ಜಾಗ, ವಿಳಾಸಕ್ಕೆ ಎಷ್ಟು, ಸಾಲದ ಉದ್ದೇಶಕ್ಕೆ ಎಷ್ಟು?

ಗೆರೆ ಎಳೆಯುವ ಮೊದಲು ನಾನು ಕೇಳಿದ್ದು ಹಳೆಯ, ತುಂಬಿದ ಅರ್ಜಿಗಳ ಕಟ್ಟು. ಜನರ ಖಾಸಗಿ ವಿವರ ಇರುವ ಕಾಗದ, ಹಾಗಾಗಿ ಮನೆಗೆ ತರಲಿಲ್ಲ. ಸಂಘದ ಕಚೇರಿಯಲ್ಲೇ ಕೂತು ನೋಡಿದೆ. ಪಕ್ಕದಲ್ಲಿ ಒಂದು ಖಾಲಿ ಅರ್ಜಿ, ಕೈಯಲ್ಲಿ ಕೆಂಪು ಪೆನ್ನು. ಎಲ್ಲಿ ಬರಹ ಚೌಕದಿಂದ ಹೊರಗೆ ಹೋಗಿದೆಯೋ ಅಲ್ಲಿ ಒಂದು ಗುರುತು, ಎಲ್ಲಿ ಜಾಗ ಸುಮ್ನೆ ಖಾಲಿ ಬಿದ್ದಿದೆಯೋ ಅಲ್ಲಿ ಇನ್ನೊಂದು ಗುರುತು. ವಿಳಾಸ ಯಾವಾಗಲೂ ಅಂಚಿಗೆ ಹತ್ತಿರುತ್ತದೆ. ನಾಮಿನಿಯ ಹೆಸರನ್ನು ಇರುವೆ ಸಾಲಿನ ಹಾಗೆ ಸಣ್ಣದಾಗಿ ಬರೆದಿರುತ್ತಾರೆ. ಫ್ಯಾಕ್ಸ್ ನಂಬರಿಗೆ ಮಾತ್ರ ಇಡೀ ಒಂದು ಸಾಲು! ಅದನ್ನು ತುಂಬಿದವರನ್ನು ನಾನು ಕಾಣಲಿಲ್ಲ. ಆ ಸಾಲು ಕಿತ್ತು ವಿಳಾಸಕ್ಕೆ ಕೊಟ್ಟೆ.

ಆಮೇಲೆ ಪ್ರತಿ ಚೌಕಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ. ಬರಹ ಹಿಡಿಸದಿದ್ದಾಗ ಸೋಲಬೇಕಾದವರು ಯಾರು? ಚೌಕ ಬೆಳೆಯಬೇಕಾ, ಅಕ್ಷರ ಚಿಕ್ಕದಾಗಬೇಕಾ, ಅಥವಾ ಬರೆಯುವವರನ್ನೇ ತಡೆಯಬೇಕಾ? ಇದನ್ನು ನಾವು ತೀರ್ಮಾನ ಮಾಡದಿದ್ದರೆ ಸಾಫ್ಟ್‌ವೇರ್ ತನಗೆ ತೋಚಿದ್ದು ಮಾಡುತ್ತದೆ. ಅದು ಮಾಡುವುದು ಸಾಮಾನ್ಯವಾಗಿ ಕತ್ತರಿಸುವ ಕೆಲಸ.

ಸುಲಭದ್ದು ಉದ್ದ ಬದಲಾಗದ ವಿವರಗಳು. ಪಿನ್ ಕೋಡ್ 6 ಅಂಕಿ, ಮೊಬೈಲ್ 10, ಪ್ಯಾನ್ 10, ಐಎಫ್‌ಎಸ್‌ಸಿ 11, ಆಧಾರ್ 12. ಇವಕ್ಕೆ ಒಂದೊಂದು ಅಂಕಿಗೆ ಅಥವಾ ಅಕ್ಷರಕ್ಕೆ ಒಂದೊಂದು ಮನೆ ಕೊಟ್ಟರೆ ಎಣಿಕೆ ತಪ್ಪುವುದಿಲ್ಲ. ಆಧಾರ್‌ಗೆ ನಾಲ್ಕು ಮನೆಗಳಾದ ಮೇಲೆ ಸ್ವಲ್ಪ ಸಂದು ಬಿಟ್ಟೆ, ಕಾರ್ಡಿನ ಮೇಲೆ ಇರುವುದೂ ಹಾಗೇ ಅಲ್ವಾ. ಪಿಡಿಎಫ್‌ನಲ್ಲಿ ಇದಕ್ಕೆ ‘ಕೋಂಬ್’ ಅನ್ನುವ ಆಯ್ಕೆ ಇದೆ. ಮಲ್ಟಿ-ಲೈನ್ (ಹಲವು ಸಾಲು ಬರೆಯಲು), ಸ್ಕ್ರೋಲ್ (ಚೌಕಕ್ಕಿಂತ ಉದ್ದ ಬರೆಯಲು) ಸೇರಿ ಬೇರೆ ಎಲ್ಲಾ ಟಿಕ್ ತೆಗೆದರೆ ಮಾತ್ರ ಅದು ಸಿಗುತ್ತದೆ.

ಆದರೆ ಕನ್ನಡದ ಹೆಸರಿಗೆ ಈ ಮನೆಗಳನ್ನು ಹಾಕಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಇಂಗ್ಲಿಷ್ ಫಾರಂ ನೋಡಿ ಅಭ್ಯಾಸ ಆದವರು ಇದನ್ನೇ ಕೇಳುತ್ತಾರೆ. ‘ಲಕ್ಷ್ಮೀ’ ಬರೆಯಲು ಎಷ್ಟು ಮನೆ ಬೇಕು? ಕೈಯಲ್ಲಿ ಬರೆಯುವವರಿಗೆ ಎರಡು. ಆ ಎರಡನೆಯ ಮನೆಯಲ್ಲಿ ಕ, ಅದರ ಕೆಳಗೆ ಷ, ಅದರ ಪಕ್ಕ ಮ, ಕೊನೆಗೊಂದು ದೀರ್ಘ, ಎಲ್ಲಾ ತುರುಕಬೇಕು. ಕಂಪ್ಯೂಟರಿನ ಲೆಕ್ಕದಲ್ಲಿ ಅದೇ ಹೆಸರು ಏಳು ಸಂಕೇತ. ಪೆನ್ನಿನ ಲೆಕ್ಕವೇ ಬೇರೆ, ಕೀಬೋರ್ಡಿನ ಲೆಕ್ಕವೇ ಬೇರೆ. ಹಾಗಾಗಿ ಹೆಸರಿಗೆ ಉದ್ದದ ಒಂದೇ ಗೆರೆ.

ಆ ಗೆರೆ ಎಷ್ಟು ಉದ್ದ? ಎ4 ಹಾಳೆಯ ಅಗಲ 210 ಮಿಲಿಮೀಟರ್. ಎರಡೂ ಕಡೆ 20 ಬಿಟ್ಟರೆ ಉಳಿಯುವುದು 170. ‘ಅರ್ಜಿದಾರರ ಪೂರ್ಣ ಹೆಸರು’ ಅಂತ ಎಡಗಡೆ ಅಚ್ಚು ಹಾಕಿದರೆ ಅದೇ 50 ನುಂಗುತ್ತದೆ. ಅದನ್ನು ಸಣ್ಣ ಅಕ್ಷರದಲ್ಲಿ ಗೆರೆಯ ಮೇಲಕ್ಕೆ ಎತ್ತಿದೆ. ಇಡೀ 170 ಬರೆಯುವವರಿಗೆ ಸಿಕ್ಕಿತು. ಈ ಒಂದು ಬದಲಾವಣೆಯಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಅಂತ ಮೂರು ಭಾಗ ಮಾಡುವುದನ್ನೂ ಬಿಟ್ಟೆ. ಮೈಸೂರು ಕಡೆಯವರು ಎರಡು ಇನಿಶಿಯಲ್ ಹಾಕಿ ಒಂದು ಹೆಸರು ಬರೆಯುತ್ತಾರೆ. ಧಾರವಾಡ, ಬೆಳಗಾವಿ ಕಡೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಪೂರ್ತಿ ಬರುತ್ತವೆ. ಮೂರು ಭಾಗ ಮಾಡಿದರೆ ಒಬ್ಬರಿಗೆ ಎರಡು ಭಾಗ ಖಾಲಿ, ಇನ್ನೊಬ್ಬರಿಗೆ ಮೂರೂ ಇಕ್ಕಟ್ಟು. ಬಿನ್, ಕೋಂ ಹಾಕಿ ಬರೆಯುವವರಿಗಂತೂ ಯಾವ ಭಾಗವೂ ಹೊಂದುವುದಿಲ್ಲ. ತಂದೆ ಅಥವಾ ಗಂಡನ ಹೆಸರಿಗೆ ಕೆಳಗೆ ಇನ್ನೊಂದು ಪೂರ್ತಿ ಸಾಲು ಕೊಟ್ಟೆ, ಮುಗಿಯಿತು.

ಅಗಲದಷ್ಟೇ ಮುಖ್ಯ ಎತ್ತರ. ಇದು ಕನ್ನಡದವರಿಗೇ ಇರುವ ಕಷ್ಟ ಅಂತಲ್ಲ, ಆದರೆ ನಮಗೆ ಜಾಸ್ತಿ. ಒತ್ತಕ್ಷರ ಗೆರೆಯ ಕೆಳಕ್ಕೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲಕ್ಕೆ ಹೋಗುತ್ತದೆ. ವರ್ಡ್‌ನಲ್ಲಿ ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ’ 12 ಪಾಯಿಂಟ್ ಅಂತ ಇಟ್ಟರೆ ಇಂಗ್ಲಿಷ್ ಚೆನ್ನಾಗೇ ಕಾಣುತ್ತದೆ, ಕನ್ನಡದ ಒತ್ತುಗಳ ಬುಡ ಕತ್ತರಿಸಿ ಹೋಗುತ್ತದೆ. ಟೇಬಲ್ ಸಾಲಿನ ಎತ್ತರಕ್ಕೂ ಇದೇ ಮಾತು. ‘ಎಕ್ಸಾಕ್ಟ್ಲಿ’ ಬದಲು ‘ಅಟ್ ಲೀಸ್ಟ್’ ಇಟ್ಟರೆ ಕನಿಷ್ಠ ಎತ್ತರ ಉಳಿಯುತ್ತದೆ, ಬರಹ ಜಾಸ್ತಿಯಾದರೆ ಸಾಲು ತಾನೇ ಕೆಳಕ್ಕೆ ಬೆಳೆಯುತ್ತದೆ. ಜೊತೆಗೆ ಟೇಬಲ್‌ನ ಆಯ್ಕೆಗಳಲ್ಲಿ ‘ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್’ ಅನ್ನುವುದರ ಟಿಕ್ ತೆಗೆಯಬೇಕು. ಇಲ್ಲದಿದ್ದರೆ ಉದ್ದದ ಒಂದು ಪದ ಬಂದ ಕೂಡಲೇ ಕಾಲಂ ಅಗಲವಾಗಿ ಪಕ್ಕದ ಕಾಲಂ ಸೊರಗಿಹೋಗುತ್ತದೆ. ಒಂದು ಸಾಲು ಎರಡು ಪುಟಕ್ಕೆ ಹರಿದುಹೋಗದ ಹಾಗೆ ಇನ್ನೊಂದು ಟಿಕ್ಕನ್ನೂ ತೆಗೆದೆ. ಸೆಲ್ ಒಳಗೆ ಅಕ್ಷರಗಳನ್ನು ಅಡ್ಡಕ್ಕೆ ಅಮುಕಿ ಕೂರಿಸುವ ‘ಫಿಟ್ ಟೆಕ್ಸ್ಟ್’ ಕೂಡ ಇದೆ. ನನಗೆ ಹಿಡಿಸಲಿಲ್ಲ, ಬಿಟ್ಟೆ.

ಪೆನ್ನಿನವರಿಗೆ ಗೆರೆಗಳ ನಡುವೆ 8 ಮಿಲಿಮೀಟರ್ ಇಟ್ಟೆ. ಅದಕ್ಕಿಂತ ಕಡಿಮೆ ಆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗುತ್ತದೆ.

ಕೆಲವು ಚೌಕಗಳಿಗೆ ಎಷ್ಟು ಉದ್ದ ಬರಬಹುದು ಅಂತ ಮೊದಲೇ ಲೆಕ್ಕ ಹಾಕಬಹುದು. ಅದನ್ನು ಯಾರೂ ಮಾಡುವುದಿಲ್ಲ, ಅದೇ ನನಗೆ ಆಶ್ಚರ್ಯ. ಸಾಲದ ಮೊತ್ತ ಅಕ್ಷರಗಳಲ್ಲಿ ಬರೆಯುವ ಜಾಗ ತೆಗೆದುಕೊಳ್ಳಿ. ಸಂಘದ ಸಾಲ 10 ಲಕ್ಷ ದಾಟುವುದಿಲ್ಲ ಅಂತಿಟ್ಟುಕೊಂಡರೆ ಬರಬಹುದಾದ ತೀರಾ ಉದ್ದದ ಸಾಲುಗಳಲ್ಲಿ ಒಂದು ‘ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ಮಾತ್ರ’. ಇದನ್ನೇ ಟೈಪ್ ಮಾಡಿ ನೋಡಿದೆ, ಇದನ್ನೇ ಪೆನ್ನಿನಲ್ಲಿ ಬರೆದೂ ನೋಡಿದೆ. ಪೆನ್ನಿನಲ್ಲಿ ಒಂದು ಸಾಲಿಗೆ ಹಿಡಿಸಲಿಲ್ಲ, ಎರಡು ಸಾಲು ಕೊಟ್ಟೆ. ತಾಲ್ಲೂಕಿಗೂ ಹೀಗೇ. ‘ಸೊರಬ’ಕ್ಕೆ ಹಿಡಿಸುವ ಜಾಗದಲ್ಲಿ ‘ಹಗರಿಬೊಮ್ಮನಹಳ್ಳಿ’ ಕೂರಬೇಕು. ಸಂಘ ಇರುವುದು ಒಂದೇ ತಾಲ್ಲೂಕಿನಲ್ಲಿ ನಿಜ, ಆದರೆ ಜಾಮೀನುದಾರರು, ಸೊಸೆಯ ತವರು, ನಾಮಿನಿಯ ವಿಳಾಸ ಎಲ್ಲೆಲ್ಲಿಂದಲೋ ಬರುತ್ತವೆ.

ಪಿಡಿಎಫ್ ವಿಷಯಕ್ಕೆ ಬಂದರೆ ಒಂದು ಮಾತು ಮೊದಲೇ ತಿಳಿದಿರಬೇಕು. ಮಾಮೂಲಿ ಪಿಡಿಎಫ್ ಫಾರಂನ ಚೌಕ ಬೆಳೆಯುವುದಿಲ್ಲ. ನೀವು ಎಳೆದಷ್ಟೇ ಅದರ ಅಳತೆ. ಬರಹ ಹೆಚ್ಚಾದರೆ ಚೌಕವನ್ನು ಬೆಳೆಸುವ ಎಕ್ಸ್‌ಎಫ್‌ಎ ಅನ್ನುವ ಇನ್ನೊಂದು ಜಾತಿಯ ಫಾರಂ ಇತ್ತು. 2017ರಲ್ಲಿ ಬಂದ ಪಿಡಿಎಫ್ 2.0 ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿತು. ಫೋನುಗಳಲ್ಲಂತೂ ಅದು ತೆರೆಯುವ ಭರವಸೆ ಇಲ್ಲ. ಹಾಗಾಗಿ ಆ ದಾರಿ ನನಗೆ ಬೇಡವಾಯಿತು.

ಉಳಿಯುವುದು ಎರಡು ದಾರಿ. ಅಕ್ಷರದ ಗಾತ್ರವನ್ನು ‘ಆಟೋ’ ಇಟ್ಟರೆ ಬರಹ ಬೆಳೆದ ಹಾಗೆ ಅಕ್ಷರ ಕುಗ್ಗುತ್ತಾ ಹೋಗುತ್ತದೆ. ಹೆಸರಿನ ಸಾಲಿಗೆ ಇದು ಪರವಾಗಿಲ್ಲ, ಅಲ್ಲಿ ಕುಗ್ಗುವುದು ಸ್ವಲ್ಪವೇ. ವಿಳಾಸಕ್ಕೆ ಇಟ್ಟರೆ ಕೆಟ್ಟಿತು. ಒಬ್ಬರದು ದೊಡ್ಡ ಅಕ್ಷರ, ಇನ್ನೊಬ್ಬರದು ಭೂತಗನ್ನಡಿ ಹಿಡಿದು ಓದುವಂಥದ್ದು. ಕನ್ನಡದ ಒತ್ತು 9 ಪಾಯಿಂಟ್‌ಗಿಂತ ಕೆಳಗೆ ಹೋದರೆ, ಅದರಲ್ಲೂ ಸಂಘದ ಹಳೆಯ ಪ್ರಿಂಟರಿನಲ್ಲಿ, ‘ತ್ತ’ ಯಾವುದು ‘ತ್ನ’ ಯಾವುದು ಗೊತ್ತಾಗುವುದಿಲ್ಲ. ಆದ್ದರಿಂದ ವಿಳಾಸಕ್ಕೆ 10 ಪಾಯಿಂಟ್ ಖಾಯಂ ಮಾಡಿ, ಮಲ್ಟಿ-ಲೈನ್ ಹಾಕಿ, ‘ಸ್ಕ್ರೋಲ್ ಲಾಂಗ್ ಟೆಕ್ಸ್ಟ್’ ಟಿಕ್ ತೆಗೆದೆ. ಆ ಟಿಕ್ ಇದ್ದರೆ ಜನ ಬರೆಯುತ್ತಲೇ ಹೋಗುತ್ತಾರೆ, ಪರದೆಯ ಮೇಲೆ ಎಲ್ಲಾ ಇದೆ ಅನ್ನಿಸುತ್ತದೆ, ಪ್ರಿಂಟ್ ತೆಗೆದರೆ ಕೊನೆಯ ಸಾಲು ಮಾಯ. ತೆಗೆದರೆ ಚೌಕ ತುಂಬಿದ ಕೂಡಲೇ ಟೈಪಿಂಗ್ ನಿಲ್ಲುತ್ತದೆ. ಸ್ವಲ್ಪ ಕಠಿಣ ಅನ್ನಿಸಬಹುದು. ಆದರೆ ಆಗಲೇ ಗೊತ್ತಾಗುವುದು ಆಮೇಲೆ ಗೊತ್ತಾಗುವುದಕ್ಕಿಂತ ವಾಸಿ.

ಕೆಲವು ಫೋನ್ ಆ್ಯಪ್‌ಗಳಲ್ಲಿ ಪಿಡಿಎಫ್ ಚೌಕದೊಳಗೆ ಕನ್ನಡ ಟೈಪ್ ಮಾಡಿದರೆ ಒತ್ತು ಕೂಡಿಕೊಳ್ಳುವುದೇ ಇಲ್ಲ, ಅರ್ಧಾಕ್ಷರಗಳು ಬಿಡಿಬಿಡಿಯಾಗಿ ಸಾಲು ನಿಲ್ಲುತ್ತವೆ. ಆಗ ಅಗಲದ ನಮ್ಮ ಲೆಕ್ಕವೂ ಹಾಳು. ಫೋನಿಗೆ ವೆಬ್ ಪುಟವೇ ಸರಿ ಅಂತ ಹಟ ಹಿಡಿದದ್ದು ಇದೇ ಕಾರಣಕ್ಕೆ.

ವೆಬ್‌ನಲ್ಲಿ ಚೌಕ ಬೆಳೆಸುವುದು ಸುಲಭ. ಕ್ರೋಮ್‌ನಲ್ಲಿ 2024ರಿಂದ ‘ಫೀಲ್ಡ್-ಸೈಸಿಂಗ್: ಕಂಟೆಂಟ್’ ಅನ್ನುವ ಒಂದು ಸಾಲಿನ ಸಿಎಸ್ಎಸ್ (ವೆಬ್ ಪುಟ ಹೇಗೆ ಕಾಣಬೇಕು ಅಂತ ಹೇಳುವ ಸೂಚನೆ) ಸಾಕು. ಅದು ಇಲ್ಲದ ಬ್ರೌಸರಿಗೆ, ಒಳಗಿನ ಬರಹದ ಎತ್ತರ ನೋಡಿ ಚೌಕದ ಎತ್ತರ ಹೊಂದಿಸುವ ಹಳೆಯ ಕಿರು ಪ್ರೋಗ್ರಾಂ (ಸ್ಕ್ರಿಪ್ಟ್) ಹಾಕಿದೆ. ಕನಿಷ್ಠ ಎರಡು ಸಾಲು, ಗರಿಷ್ಠ ಎಂಟು ಸಾಲು ಅಂತ ಮಿತಿಯನ್ನೂ ಇಟ್ಟೆ. ಕನಿಷ್ಠ ಇಡದಿದ್ದರೆ ಖಾಲಿ ಚೌಕ ಬೆರಳಿಗೂ ಸಿಗದಷ್ಟು ಪುಟ್ಟದಾಗುತ್ತದೆ. ಪ್ರಿಂಟ್ ತೆಗೆಯುವಾಗ ಮಾತ್ರ ಚೌಕದೊಳಗಿನ ಬರಹವನ್ನು ಮಾಮೂಲಿ ಪ್ಯಾರಾಗೆ ನಕಲು ಮಾಡಿ ತೋರಿಸಬೇಕು. ಇಲ್ಲದಿದ್ದರೆ ಕಾಣುವಷ್ಟೇ ಅಚ್ಚಾಗುತ್ತದೆ.

ಅಡಗಿ ಕೂತಿರುವ ಇನ್ನೊಂದು ಮಿತಿ ಡೇಟಾಬೇಸಿನಲ್ಲಿ. ‘ಮಲ್ಲಿಕಾರ್ಜುನಸ್ವಾಮಿ’ ನಮ್ಮ ಕಣ್ಣಿಗೆ ಏಳು ಅಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಲೆಕ್ಕದಲ್ಲಿ 18 ಸಂಕೇತ. ಯುಟಿಎಫ್-8ರಲ್ಲಿ (ಆ ಸಂಕೇತಗಳನ್ನು ಉಳಿಸಿಡುವ ಒಂದು ಕ್ರಮ) ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಜಾಗ, ಅಂದರೆ 54. ಹೆಸರಿಗೆ 50 ಬೈಟ್ ಸಾಕು ಅಂತ ಯಾರೋ ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟಿದ್ದರೆ, ಇನಿಶಿಯಲ್ ಇಲ್ಲದ ಈ ಒಂಟಿ ಹೆಸರೇ ಹಿಡಿಸುವುದಿಲ್ಲ. ಸಾಫ್ಟ್‌ವೇರ್ ಮಾಡುವ ಹುಡುಗನ ಹತ್ತಿರ ಈ ಮಿತಿ ಬೈಟಿನದ್ದೋ ಅಕ್ಷರದ್ದೋ ಅಂತ ಕೇಳಿ, ಧಾರಾಳವಾಗಿ ಏರಿಸಿಕೊಂಡೆ. ಪರದೆಯ ಮೇಲೆ ‘ಇನ್ನು ಇಷ್ಟು ಅಕ್ಷರ ಬಾಕಿ’ ಅಂತ ತೋರಿಸುವುದನ್ನೂ ತೆಗೆಸಿದೆ. ಒಂದು ‘ಕ್ಷ್ಮೀ’ ಒತ್ತಿದರೆ ಆರು ಕಡಿಮೆಯಾಗುವ ಲೆಕ್ಕ ನೋಡಿ ಜನ ಗಾಬರಿಯಾಗುತ್ತಾರೆ.

ಹೆಚ್ಚು ಚರ್ಚೆಯಾದದ್ದು ‘ಸಾಲದ ಉದ್ದೇಶ’ದ ಬಗ್ಗೆ. ಹಳೆಯ ಅರ್ಜಿಯಲ್ಲಿ ಅದಕ್ಕೆ ಅರ್ಧ ಸಾಲು. ಎಲ್ಲರೂ ‘ಕೃಷಿ’ ಅಂತ ಬರೆದು ಬಿಟ್ಟಿದ್ದರು. ಪ್ರಯೋಗಕ್ಕೆ ಅಂತ ಹತ್ತು ಸಾಲಿನ ಚೌಕ ಮಾಡಿ ಕೆಲವರಿಗೆ ಕೊಟ್ಟಾಗ, ಮಗಳ ಮದುವೆಯಿಂದ ಹಿಡಿದು ಹೋದ ವರ್ಷದ ಮಳೆಯ ತನಕ ಕಥೆ ಬಂತು. ಎಷ್ಟು ಜಾಗ ಕೊಡುತ್ತೇವೋ ಅಷ್ಟು ಬರೆಯಬೇಕು ಅಂತ ಜನ ತಿಳಿಯುತ್ತಾರೆ. ಸಂಘಕ್ಕೆ ಬೇಕಿದ್ದದ್ದು ಏನು ಅಂತ ಕಾರ್ಯದರ್ಶಿಯವರನ್ನು ಬಿಡಿಸಿ ಕೇಳಿದೆ. ಯಾವ ಕೆಲಸಕ್ಕೆ, ಯಾವ ಸರ್ವೆ ನಂಬರಿನಲ್ಲಿ, ಅಂದಾಜು ಖರ್ಚು ಎಷ್ಟು, ಇಷ್ಟೇ. ಮೂರು ಸಣ್ಣ ಚೌಕ ಮಾಡಿ, ಕೆಳಗೆ ‘ಬೇರೆ ಏನಾದರೂ ಹೇಳುವುದಿದ್ದರೆ’ ಅಂತ ಮೂರು ಗೆರೆ ಬಿಟ್ಟೆ. ಅದೂ ಸಾಕಾಗದವರಿಗೆ ಕೊನೆಯ ಪುಟದ ಕೆಳಗಿನ ಅರ್ಧ ಗೆರೆ ಹಾಕಿದ ಖಾಲಿ ಜಾಗ, ಎಡಗಡೆ ‘ಕ್ರಮ ಸಂಖ್ಯೆ’ ಅಂತ ಸಣ್ಣ ಕಾಲಂ. ಮೇಲಿನ ಚೌಕಗಳಲ್ಲಿ ಹಿಡಿಸದ್ದನ್ನು ಆ ಚೌಕದ ಸಂಖ್ಯೆ ಹಾಕಿ ಇಲ್ಲಿ ಮುಂದುವರಿಸಬಹುದು.

ಕಾರ್ಯದರ್ಶಿಯವರಿಗೆ ಈ ಖಾಲಿ ಅರ್ಧ ಪುಟ ಇಷ್ಟವಾಗಲಿಲ್ಲ. ಅಲ್ಲಿ ಸಂಘದ ಠೇವಣಿ ಯೋಜನೆಗಳ ಜಾಹೀರಾತು ಹಾಕೋಣ ಅಂದರು. ಈಗಲೂ ಪ್ರತಿ ಸಲ ಮರುಮುದ್ರಣಕ್ಕೆ ಬಂದಾಗ ಅದೇ ಮಾತು ಎತ್ತುತ್ತಾರೆ, ನಾನು ಬೇಡ ಅನ್ನುತ್ತೇನೆ.